ನನ್ನ ರಕ್ತಕ್ಕೆ ಹಸಿರು ಶಾಯಿ

ಕಳೆದ ತಿಂಗಳು ದೆಹಲಿಯ ಪೀತಮ್‌ಪುರದ ಫ್ಲ್ಯಾಟು ಖಾಲಿ ಮಾಡುವಾಗ ನನ್ನ ವಾರಗಿತ್ತಿ ಲಲಿತಕ್ಕ ಕಪಾಟಿನ ತಳದಿಂದ ಒಂದು ದಪ್ಪ ಕಡತ ತೆಗೆದು ನನ್ನ ಕೈಗೆ ಕೊಟ್ಟರು. ರದ್ದಿಯವನಿಗೆ ಹಾಕಲು ಮನಸ್ಸು ಬರಲಿಲ್ಲ, ನಿನ್ನದೇ ಅಲ್ಲವಾ, ತೆಗೆದುಕೊಂಡು ಹೋಗು ಎಂದರು. ರಟ್ಟಿನ ಹೊದಿಕೆ, ಬಿಳಿ ದಾರದ ಟ್ಯಾಗು, ಮೇಲೆ ಭಾವನವರ ದುಂಡು ಅಕ್ಷರ: 'ವಿಷಯ: ಶ್ರೀಮತಿ ವನಜಾಕ್ಷಿಯವರ ರಕ್ತ ಪರೀಕ್ಷೆಗಳು'. ಬಿಚ್ಚಿದೊಡನೆ ನಾಫ್ತಲಿನ್ ಗುಳಿಗೆಯ ವಾಸನೆ, ಅದರ ಹಿಂದೆಯೇ ಸೂಜಿ ಚುಚ್ಚುವ ಮೊದಲು ತೋಳಿಗೆ ಸವರುವ ಸ್ಪಿರಿಟ್ಟಿನ ವಾಸನೆ. ಸ್ಪಿರಿಟ್ಟು ಹತ್ತು ನಿಮಿಷ ನಿಲ್ಲುವ ವಸ್ತುವಲ್ಲ, ಅಷ್ಟು ವರ್ಷ ಕಾಗದದಲ್ಲಿ ಎಲ್ಲಿ ನಿಂತೀತು. ಆದರೂ ನನ್ನ ಮೂಗಿಗೆ ಅದು ಬಂತು, ಅದರ ಜೊತೆ ಆ ಇಡೀ ಬೇಸಿಗೆಯೂ ಬಂತು.

ಭಾವನವರು, ಅಂದರೆ ನನ್ನ ಗಂಡನ ಅಣ್ಣ, ತೀರಿಕೊಂಡು ಎರಡು ವರ್ಷವಾಯಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಬದುಕಿದ್ದಾಗ ಆಡಲು ಬಿಟ್ಟಿದ್ದರೆ ನಾನು ಈಗ ಆಡುತ್ತಿರಲಿಲ್ಲ.

ಅವರು ಕೇಂದ್ರ ಸರ್ಕಾರದ ಒಂದು ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರ್. ನನ್ನ ಗಂಡ ಇನ್ನೊಂದು ಮಂತ್ರಾಲಯದಲ್ಲಿ ಗುಮಾಸ್ತರು. ಗಂಡನ ಹೆಸರು ಹಿಡಿದು ಹೇಳುವ ಅಭ್ಯಾಸ ನನಗಿಲ್ಲ, ಇವರು ಎಂದೇ ಹೇಳುತ್ತೇನೆ. ಎರಡು ಸಂಸಾರ, ಮೂರನೇ ಮಹಡಿಯ ಒಂದೇ ಫ್ಲ್ಯಾಟು, ಒಂದೇ ಅಡುಗೆಮನೆ. ಮನೆಯಲ್ಲಿ ಪತ್ರ, ಅರ್ಜಿ, ರಸೀದಿ ಏನೇ ಬರಲಿ, ಮೊದಲು ಭಾವನವರ ಕೈಗೆ ಹೋಗಬೇಕು. ಅವರು ಕನ್ನಡಕ ಏರಿಸಿ ಓದಿ, ಮೂಲೆಯಲ್ಲಿ 'ಸೀನ್', ಅಂದರೆ ನೋಡಿದ್ದಾಗಿದೆ, ಎಂದು ಬರೆದು ಸಹಿ ಹಾಕಿದ ಮೇಲೆಯೇ ಉಳಿದವರು ಅದನ್ನು ಮುಟ್ಟುವುದು. ಆ ಸಹಿಯನ್ನು ಅವರು ಹಾಕುತ್ತಿದ್ದದ್ದು ಹಸಿರು ಶಾಯಿಯಲ್ಲಿ. ಕಚೇರಿಗಳಲ್ಲಿ ಹಸಿರು ಶಾಯಿ ದೊಡ್ಡ ಸಾಹೇಬರ ಸೊತ್ತು. ಭಾವನವರು ಆ ಮೆಟ್ಟಿಲಿಗೆ ಇನ್ನೂ ಏರಿರಲಿಲ್ಲ, ಕೊನೆಗೂ ಏರಲಿಲ್ಲ. ಆ ಆಸೆಯನ್ನು ಮನೆಯ ಹಾಲಿನ ಚೀಟಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು, ಆ ವರ್ಷ ನನ್ನ ರಕ್ತದ ಮೇಲೆ ತೀರಿಸಿಕೊಂಡರು.

ಮೆಟ್ರೋ ಪೀತಮ್‌ಪುರಕ್ಕೆ ಬಂದ ವರ್ಷ ಅದು. ರಾಜ್ಯೋತ್ಸವದ ದಿನ ನಮ್ಮ ಕನ್ನಡ ಸಂಘದವರು ರಕ್ತದಾನದ ಶಿಬಿರ ಇಟ್ಟಿದ್ದರು. ಭಾವನವರು ಜಂಟಿ ಕಾರ್ಯದರ್ಶಿ. ಪಟ್ಟಿಯಲ್ಲಿ ಹೆಂಗಸರ ಸಂಖ್ಯೆ ಕಡಿಮೆಯಾಯಿತೆಂದು ನನ್ನನ್ನೂ ಮಲಗಿಸಿದರು. ಒಂದು ಬಾಳೆಹಣ್ಣು, ಒಂದು ಬಿಸ್ಕತ್ತಿನ ಪೊಟ್ಟಣ ಹಿಡಿದು ಮನೆಗೆ ಬಂದೆ. ಮೂರು ವಾರ ಕಳೆದ ಮೇಲೆ ರಕ್ತನಿಧಿಯಿಂದ ಕಾಗದ ಬಂತು. ನನ್ನ ಹೆಸರಿಗೆ, ಸಂಘದ ವಿಳಾಸಕ್ಕೆ. ಸಂಘದ ಕಾಗದ ಒಡೆಯುವವರು ಯಾರು? ಜಂಟಿ ಕಾರ್ಯದರ್ಶಿ. ಹೀಗಾಗಿ ನನ್ನ ರಕ್ತದಲ್ಲಿ ಹೆಪಟೈಟಿಸ್ ಸಿ ಇರುವ ಸಂಗತಿ ನನಗಿಂತ ಮೊದಲು ಭಾವನವರಿಗೆ, ಆಮೇಲೆ ಅಧ್ಯಕ್ಷರಿಗೆ, ಆಮೇಲೆ ಅಧ್ಯಕ್ಷರ ಹೆಂಡತಿಗೆ, ನಾಲ್ಕನೆಯವಳಾಗಿ ನನಗೆ ಗೊತ್ತಾಯಿತು.

ಕಾಮಾಲೆ ಎಂದರು ಭಾವನವರು. ಕಾಮಾಲೆಯಲ್ಲ, ನನ್ನ ಕಣ್ಣು ಹಾಲಿನಷ್ಟು ಬೆಳ್ಳಗಿತ್ತು. ಆದರೆ ಕಾಮಾಲೆ ಎಂದ ಮೇಲೆ ಸಂಘದ ಹೆಂಗಸರು ಸುಮ್ಮನಿರುತ್ತಾರೆಯೇ? ಮೂಲಂಗಿ ಎಲೆಯ ರಸ, ಕಬ್ಬಿನ ಹಾಲು, ಊರಿಂದ ತರಿಸಿದ ನೆಲನೆಲ್ಲಿ, ಯಾರೋ ಮಂತ್ರಿಸಿ ಕೊಟ್ಟ ಹಾರ. ಎದುರಿಗೆ ಔಷಧಿ ಹೇಳಿದವರೇ ಹಿಂದೆ ಹೋಗಿ, ಇದು ಹೇಗೆ ಬರುತ್ತದಂತೆ ಗೊತ್ತಾ ಎಂದು ಪಿಸುಗುಟ್ಟಿದರು. ಹೇಗೆ ಬಂತೆಂದು ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮಗಳು ಸ್ವಾತಿ ಹುಟ್ಟುವಾಗ ದಾವಣಗೆರೆಯ ಕಡೆ ನನಗೆ ಒಂದು ಬಾಟಲಿ ರಕ್ತ ಹಾಕಿದ್ದರು, ಆಗ ಈ ವೈರಸ್ಸನ್ನು ಹುಡುಕುವ ಪರೀಕ್ಷೆಯೇ ಇರಲಿಲ್ಲ. ಹದಿನೇಳು ವರ್ಷ ಅದು ಲಿವರಿನಲ್ಲಿ ಸದ್ದಿಲ್ಲದೆ ಕೂತಿತ್ತು. ಇದನ್ನು ಯಾರಿಗೆ ಹೇಳುವುದು? ಲಲಿತಕ್ಕ ನನ್ನ ತಟ್ಟೆ ಲೋಟಗಳನ್ನು ಬೇರೆ ಇಟ್ಟರು. ತಟ್ಟೆಯಿಂದ ಬರುವ ರೋಗವಲ್ಲ ಎಂದು ಡಾಕ್ಟರು ಹೇಳಿದ್ದನ್ನು ಹೇಳಿದೆ. 'ಇರಲಿ ಬಿಡು, ಒಳ್ಳೇದಕ್ಕೇ' ಎಂದರು. ಯಾರ ಒಳ್ಳೆಯದಕ್ಕೆ ಎಂದು ಕೇಳಲಿಲ್ಲ.

ಇವರ ನೌಕರಿಯ ಮೇಲೆ ಖರ್ಚು ಸರ್ಕಾರವೇ ಕೊಡುವುದಾದ್ದರಿಂದ ಚಿಕಿತ್ಸೆಗೆ ಅದರ ಒಪ್ಪಿಗೆ ಬೇಕಿತ್ತು. ಅದಕ್ಕಾಗಿ ಓಡಾಡಿದವರು ಭಾವನವರೇ, ಅದನ್ನು ಇಲ್ಲವೆನ್ನಲಾರೆ. ಎಲ್ಲೆಲ್ಲಿ ಕಡತ ನಿಲ್ಲುತ್ತದೋ ಅಲ್ಲೆಲ್ಲ ಹೋಗಿ ನಿಂತು ತಳ್ಳಿದರು. ಆದರೆ ಆ ಉಪಕಾರದ ಜೊತೆಗೆ ನನ್ನ ರಕ್ತದ ಒಡೆತನವನ್ನೂ ತಮ್ಮ ಹೆಸರಿಗೆ ಮಾಡಿಕೊಂಡರು. ಆಸ್ಪತ್ರೆಯಲ್ಲಿ ರೋಗಿಯ ಕುರ್ಚಿಯಲ್ಲಿ ಅವರು, ಹಿಂದೆ ಗೋಡೆಗೆ ಒರಗಿ ನಾನು. ವಾರಕ್ಕೊಂದು ಇಂಜೆಕ್ಷನ್, ದಿನಕ್ಕೆ ನಾಲ್ಕು ಕ್ಯಾಪ್ಸೂಲು, ಇಪ್ಪತ್ನಾಲ್ಕು ವಾರ. ನಡುವೆ ನಿಲ್ಲಿಸಿದರೆ ವೈರಸ್ಸು ಮತ್ತೆ ಚಿಗುರುತ್ತದೆ, ಪಟ್ಟ ಪಾಡೆಲ್ಲ ದಂಡ ಎಂದರು ಡಾಕ್ಟರು. ಎರಡು ವಾರಕ್ಕೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬಾರದು ಎಂದು ಹೇಳಿ, ಏನೇನು ಗಮನಿಸಬೇಕೆಂದು ಅಚ್ಚು ಹಾಕಿದ ಒಂದು ಹಾಳೆ ಕೊಟ್ಟರು. ಭಾವನವರು ಅದನ್ನು ಓದದೆಯೇ ತೂತು ಹೊಡೆದು ಕಡತದ ಕಟ್ಟಕಡೆಯಲ್ಲಿ ಪೋಣಿಸಿ 'ಅನುಬಂಧ ಒಂದು' ಎಂದು ಬರೆದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಏಪ್ರಿಲ್‌ನಲ್ಲಿ ಶುರುವಾಯಿತು. ಇಂಜೆಕ್ಷನ್ನನ್ನು ಫ್ರಿಜ್ಜಿನಲ್ಲಿ ಇಡಬೇಕು. ಹಾಲಿನ ಪಕ್ಕ ಬೇಡ, ಮೊಸರಿನ ಪಕ್ಕ ಬೇಡ, ದೇವರ ಹೂವಿನ ಪಕ್ಕ ಮೊದಲೇ ಬೇಡ. ಕೊನೆಗೆ ಮೊಟ್ಟೆ ಇಡುವ ಗುಂಡಿಗಳಲ್ಲಿ ಜಾಗ ಸಿಕ್ಕಿತು, ನಮ್ಮ ಮನೆಯಲ್ಲಿ ಅಲ್ಲಿ ನಿಂಬೆಹಣ್ಣು ಬಿಟ್ಟರೆ ಬೇರೇನೂ ಕೂತಿರಲಿಲ್ಲ. ಶನಿವಾರ ಇಂಜೆಕ್ಷನ್, ಸಂಜೆಗೆ ಚಳಿ, ದೆಹಲಿಯ ಸುಡುಬಿಸಿಲಿನಲ್ಲಿ ರಜಾಯಿ ಹೊದ್ದು ನಡುಗುವುದು, ಭಾನುವಾರ ಮೈಕೈ ನೋವು, ಸೋಮವಾರ ಎದ್ದು ಒಂಬತ್ತು ಜನರ ಚಪಾತಿ. ಬಾಚಣಿಗೆಯ ತುಂಬ ಕೂದಲು. ಸಿಟ್ಟು ಬರುತ್ತದೆ, ಅದು ಇಂಜೆಕ್ಷನ್ನಿನ ಗುಣ ಎಂದು ಡಾಕ್ಟರು ಎಚ್ಚರಿಸಿದ್ದರು. ಇಂಜೆಕ್ಷನ್ ಮುಗಿದು ಎಷ್ಟೋ ವರ್ಷವಾಯಿತು, ಸಿಟ್ಟು ಇಳಿದಿಲ್ಲ, ಹಾಗಾದರೆ ಅದು ಯಾವುದರ ಗುಣವೋ.

ರಕ್ತ ಕೊಡಲು ಮಾರ್ಕೆಟ್ಟಿನ ಮೇಲಿನ ಮಹಡಿಯ ಲ್ಯಾಬಿಗೆ ನಾನು ಹೋಗುತ್ತಿದ್ದೆ. ರಿಪೋರ್ಟನ್ನು ಮರುದಿನ ಸಂಜೆ ವಾಕಿಂಗ್ ಮುಗಿಸಿ ಬರುವಾಗ ಭಾವನವರು ತರುತ್ತಿದ್ದರು. ತಂದು, ಓದಿ, ಹಸಿರು ಶಾಯಿಯಲ್ಲಿ 'ಸೀನ್. ನಾರ್ಮಲ್' ಎಂದು ಬರೆದು, ತಾರೀಖು ಹಾಕಿ, ಪೋಣಿಸಿ, ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಅವರು ನೋಡುತ್ತಿದ್ದದ್ದು ಒಂದೇ ಸಾಲು: ಎಸ್‌ಜಿಪಿಟಿ. ಲಿವರಿಗೆ ಪೆಟ್ಟಾದರೆ ಏರುವ ಅಂಕಿ ಅದು ಎಂದು ಯಾರೋ ಸಹೋದ್ಯೋಗಿ ಹೇಳಿಕೊಟ್ಟಿದ್ದರಂತೆ. ಶುರುವಿನಲ್ಲಿ ನೂರಾ ಹದಿನೆಂಟು ಇದ್ದದ್ದು ನಾಲ್ಕನೇ ವಾರಕ್ಕೆ ಮೂವತ್ತಾರಕ್ಕೆ ಇಳಿಯಿತು. ಅಷ್ಟೇ ಸಾಕಾಯಿತು. ಸಂಘದ ಸಭೆಯಲ್ಲಿ ಬರ್ಫಿ ಹಂಚಿ, ತಾವು ಹಿಡಿದ ಕೇಸು ಎಂದೂ ಸೋತಿಲ್ಲ ಎಂದರು. ಜನ ಅವರ ಕೈ ಕುಲುಕಿದರು. ಕೇಸು ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿತ್ತು.

ನಾನೇನು ಕಡಿಮೆ ಮೂರ್ಖಳೇ? ಬಿ.ಎ. ಓದಿದವಳು, ಇಂಗ್ಲಿಷ್ ಪತ್ರಿಕೆ ಓದುತ್ತಿದ್ದವಳು. ಎಂಟು ವಾರ ನನ್ನ ರಿಪೋರ್ಟನ್ನು ನಾನೇ ಒಮ್ಮೆಯೂ ನೋಡಲಿಲ್ಲ. ನೋಡಬೇಕು ಎಂದು ಒಮ್ಮೆ ಇವರ ಬಳಿ ಹೇಳಿದರೆ, ಅಣ್ಣ ನೋಡಿದ್ದಾನಲ್ಲ ಎಂದರು. ಸ್ವಾತಿ ಟಿವಿಯಿಂದ ಕಣ್ಣು ಕೀಳದೆ 'ದೊಡ್ಡಪ್ಪ ದೇಖ್ ಲೇಂಗೇ ನಾ, ಅಮ್ಮ' ಎಂದಳು. ದೊಡ್ಡಪ್ಪ ನೋಡಿಕೊಳ್ಳುತ್ತಾರೆ. ಸರಿ ಎಂದು ನಾನೂ ಹಿಟ್ಟು ನಾದಿದೆ. ಆ ವರ್ಷ ಯಾರನ್ನು ತಿರಸ್ಕರಿಸಿದರೂ ಪಟ್ಟಿಯ ಮೊದಲಿಗೆ ನನ್ನ ಹೆಸರನ್ನೇ ಬರೆಯಬೇಕು.

ಜೂನ್ ಬಂತು. ಲೂ ಎನ್ನುವ ಬಿಸಿಗಾಳಿ ಬೀದಿಯ ಧೂಳನ್ನೆಲ್ಲ ಎಬ್ಬಿಸಿ ಮುಖಕ್ಕೆ ಎರಚುತ್ತಿತ್ತು. ನನಗೆ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಒಂದು ಮಹಡಿ ಹತ್ತಿ ಕೂರುವುದು, ಎದೆ ಹೊಡೆದುಕೊಳ್ಳುವುದು ನಿಂತ ಮೇಲೆ ಇನ್ನೊಂದು. ಬಿಸಿಲು ಎಂದರು ಇವರು. ವಯಸ್ಸು ಎಂದರು ಲಲಿತಕ್ಕ, ನನಗಿಂತ ಆರು ವರ್ಷ ದೊಡ್ಡವರು. ಎಂಟನೇ ವಾರದ ರಕ್ತ ಕೊಡಲು ಹೋದಾಗ ಲ್ಯಾಬಿನ ಮೆಟ್ಟಿಲು ಹತ್ತಿ ಬೆಂಚಿನ ಮೇಲೆ ಕುಸಿದೆ, ಹತ್ತು ನಿಮಿಷ ಮಾತೇ ಹೊರಡಲಿಲ್ಲ.

ಅಲ್ಲಿ ರಕ್ತ ತೆಗೆಯುತ್ತಿದ್ದವಳು ಕಮಲೇಶ್. ಹರಿಯಾಣದವಳು, ನನ್ನ ವಾರಿಗೆಯವಳು. ಕಮಲೇಶ್ ಎಂದರೆ ಗಂಡಸೆಂದು ಭಾವನವರು ಕೊನೆಯವರೆಗೂ ತಿಳಿದಿದ್ದರು. ಅವಳು ನನ್ನ ಕೆಳರೆಪ್ಪೆ ಎಳೆದು ನೋಡಿದಳು, ಅಂಗೈ ತಿರುಗಿಸಿ ನೋಡಿದಳು. ತನ್ನ ರಿಜಿಸ್ಟರ್ ತೆಗೆದು ಹಿಂದಿನ ಅಂಕಿಗಳ ಮೇಲೆ ಬೆರಳಿಟ್ಟಳು. ಹಿಮೋಗ್ಲೋಬಿನ್ ಶುರುವಿನಲ್ಲಿ ಹನ್ನೆರಡೂವರೆ, ಎರಡನೇ ವಾರ ಹನ್ನೊಂದು ಪಾಯಿಂಟ್ ಮೂರು, ಆಮೇಲೆ ಹತ್ತು ಪಾಯಿಂಟ್ ಎರಡು, ಆಮೇಲೆ ಒಂಬತ್ತು ಪಾಯಿಂಟ್ ನಾಲ್ಕು. ಡಾಕ್ಟರು ಏನೆಂದರು ಎಂದು ಕೇಳಿದಳು. ಮನೆಯಲ್ಲಿ ನಾರ್ಮಲ್ ಎಂದಿದ್ದಾರೆ ಎಂದೆ. ನೀವು ಓದಲಿಲ್ಲವೇ ಎಂದಳು. ಇಲ್ಲ ಎಂದೆ.

'ಖೂನ್ ಆಪ್‌ಕಾ, ಕಾಗಜ಼್ ಕಿಸೀ ಔರ್ ಕಾ?' ಎಂದಳು. ರಕ್ತ ನಿಮ್ಮದು, ಕಾಗದ ಇನ್ನೊಬ್ಬರದಾ?

ಇಷ್ಟು ವರ್ಷದಲ್ಲಿ ಯಾರೂ ನನಗೆ ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ಅವಮಾನ ಮಾಡಿಲ್ಲ, ಇಷ್ಟು ಉಪಕಾರವನ್ನೂ ಮಾಡಿಲ್ಲ. ಬೇರೆಯವರು ಸರದಿಯಲ್ಲಿ ಕಾಯುತ್ತಿದ್ದರೂ ಅವಳು ಒಂದು ಖಾಲಿ ಹಾಳೆ ಹರಡಿ ಓದುವುದನ್ನು ಹೇಳಿಕೊಟ್ಟಳು. ಎಡಗಡೆ ಹೆಸರು, ನಡುವೆ ನಿಮ್ಮ ಅಂಕಿ, ಬಲಗಡೆ ಇರಬೇಕಾದ ಅಂಕಿ. ನಡುವಿನದನ್ನು ಬಲಗಡೆಯದರ ಜೊತೆ ಮಾತ್ರವಲ್ಲ, ಹೋದ ಸಲದ ನಡುವಿನದರ ಜೊತೆಗೂ ಹೋಲಿಸಬೇಕು. ಎಸ್‌ಜಿಪಿಟಿ ಹೊಗೆ ಇದ್ದ ಹಾಗೆ, ಹೊಗೆ ಕಡಿಮೆಯಾದರೆ ಒಳ್ಳೆಯದೇ, ಆದರೆ ಬೆಂಕಿ ಆರಿತೇ ಇಲ್ಲವೇ ಎಂದು ಹೇಳುವುದು ವೈರಸ್ಸನ್ನೇ ಎಣಿಸುವ ಬೇರೆ ಪರೀಕ್ಷೆ. ಕ್ಯಾಪ್ಸೂಲು ವೈರಸ್ಸಿನ ಜೊತೆಗೆ ಕೆಂಪು ರಕ್ತವನ್ನೂ ತಿನ್ನುತ್ತದೆ, ಅದಕ್ಕೇ ಹಿಮೋಗ್ಲೋಬಿನ್ ನೋಡುವುದು. ನಾಳಿನ ರಿಪೋರ್ಟನ್ನು ನೀವೇ ನೋಡಿ ಎಂದು ಹೇಳಿ ಸೂಜಿ ಚುಚ್ಚಿದಳು.

ಮರುದಿನ ಸಂಜೆ ಭಾವನವರು ಸಹಿ ಹಾಕಿ ಪೆನ್ನಿನ ಮುಚ್ಚಳ ತಿರುಗಿಸುತ್ತಿದ್ದಾಗ ಎದುರು ಹೋಗಿ ನಿಂತು, ಹಿಮೋಗ್ಲೋಬಿನ್ ಎಷ್ಟಿದೆ ಎಂದು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿದರು. ಆಮೇಲೆ ಮತ್ತೆ ಹಾಳೆ ನೋಡಿ, ಅದರ ಪಕ್ಕ ಎಲ್ ಅಂತ ಇದೆ ಎಂದರು.

'ಎಲ್ ಅಂದ್ರೆ ಲೋ. ಲೋ ಇದ್ರೆ ಒಳ್ಳೇದೇ ಅಲ್ವೇನಮ್ಮ. ಶುಗರ್ ಲೋ, ಬಿಪಿ ಲೋ, ಕೊಲೆಸ್ಟ್ರಾಲ್ ಲೋ. ಭಯ ಪಡಬೇಕಾದ್ದು ಎಚ್ ಇದ್ರೆ ಮಾತ್ರ.'

ಮೂವತ್ತು ವರ್ಷ ಸರ್ಕಾರ ಈ ಮನುಷ್ಯನ ಟಿಪ್ಪಣಿಯ ಮೇಲೆ ನಡೆದಿತ್ತು. ಡಾಕ್ಟರಿಗೆ ಫೋನ್ ಮಾಡಿ ಎಂದೆ. ಇಪ್ಪತ್ತೇಳಕ್ಕೆ ಡೇಟ್ ಇದೆ, ಅವತ್ತೇ ಪುಟ್ ಅಪ್ ಮಾಡೋಣ, ದೊಡ್ಡ ಡಾಕ್ಟರನ್ನು ಸುಮ್ಮಸುಮ್ಮನೆ ಡಿಸ್ಟರ್ಬ್ ಮಾಡಬಾರದು ಎಂದರು. ಇವರ ಮುಖ ನೋಡಿದೆ. ಅಣ್ಣ ಹೇಳುವುದೂ ಸರಿ, ನೀನು ಹೇಳುವುದೂ ಸರಿ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ಬೆಳಿಗ್ಗೆ ಗಂಡಸರು ಕಚೇರಿಗೆ ಹೋದ ಮೇಲೆ ಕಪಾಟಿನ ಬೀಗದ ಕೈ ಎಲ್ಲಿರುತ್ತದೆಂದು ಲಲಿತಕ್ಕನನ್ನು ಕೇಳಿದೆ. ಅವರು ದೇವರ ಪಟದ ಹಿಂದಕ್ಕೆ ಕಣ್ಣು ಹಾಯಿಸಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಕಡತ ಬಿಚ್ಚಿದೆ. ಎಂಟು ಪಾಯಿಂಟ್ ಆರು. ಅದರಡಿ ಹಸಿರಿನಲ್ಲಿ 'ಸೀನ್. ನಾರ್ಮಲ್'. ಕೊನೆಯ ಹಾಳೆಗೆ ಬಂದೆ, ಅನುಬಂಧ ಒಂದು. ಹಿಮೋಗ್ಲೋಬಿನ್ ಹತ್ತಕ್ಕಿಂತ ಕೆಳಗಿಳಿದರೆ ಕೂಡಲೇ ಫೋನ್ ಮಾಡಿ ಎಂದು ಮೂರನೇ ಸಾಲಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಕಡತವನ್ನು ಎದೆಗೊತ್ತಿಕೊಂಡು ಮೆಟ್ರೋ ಹತ್ತಿದೆ. ಕಾಶ್ಮೀರಿ ಗೇಟಿನಲ್ಲಿ ಇಳಿದು ಆಟೋ ಹಿಡಿದೆ. ಆಸ್ಪತ್ರೆಯಲ್ಲಿ ಸರದಿಯಿಲ್ಲದೆ ಒಳಗೆ ಬಿಡುವುದಿಲ್ಲ ಎಂದರು, ಬಾಗಿಲ ಬಳಿಯೇ ನೆಲದ ಮೇಲೆ ಕೂತೆ. ನಾಟಕವಲ್ಲ, ನಿಲ್ಲಲು ಆಗುತ್ತಿರಲಿಲ್ಲ. ಡಾಕ್ಟರು ಹಾಳೆ ತಿರುವಿದರು, ನೀಲಿ ಬಾಲ್‌ಪೆನ್ನಿನಿಂದ ಎಂಟು ಪಾಯಿಂಟ್ ಆರರ ಸುತ್ತ ದೊಡ್ಡದಾಗಿ ಸುತ್ತು ಹಾಕಿದರು. ಹಸಿರು ಟಿಪ್ಪಣಿ ತೋರಿಸಿ ಇದು ಯಾವ ಡಾಕ್ಟರದು ಎಂದು ಕೇಳಿದರು. ಡಾಕ್ಟರಲ್ಲ, ನಮ್ಮ ಭಾವ ಎಂದೆ. ಅವರು ಬಯ್ಯಲಿಲ್ಲ. ನಾಲ್ಕು ಕ್ಯಾಪ್ಸೂಲಿನ ಬದಲು ಮೂರು ಎಂದು ಬರೆದರು. ಎಂಟೂವರೆಗಿಂತ ಕೆಳಗೆ ಹೋದರೆ ಕ್ಯಾಪ್ಸೂಲು ಪೂರ್ತಿ ನಿಲ್ಲಿಸಬೇಕು, ನಿಲ್ಲಿಸಿದರೆ ರೋಗ ವಾಸಿಯಾಗುವ ಭರವಸೆ ಕೊಡಲಾರೆ, ಇನ್ನೂ ಇಳಿದರೆ ಹೃದಯಕ್ಕೆ ಅಪಾಯ, ಆಗ ಒಂದು ಬಾಟಲಿ ರಕ್ತ ಹಾಕಬೇಕಾಗುತ್ತದೆ ಎಂದರು. ಒಂದು ಬಾಟಲಿ ರಕ್ತ ಎಂದಾಗ ನಾನು ನಕ್ಕೆ.

ಸಂಜೆ ಕಡತವನ್ನು ಭಾವನವರ ಮೇಜಿನ ಮೇಲಿಟ್ಟೆ. ಅವರಿಗೆ ನನ್ನ ಉಸಿರಿಗಿಂತ ದೊಡ್ಡದಾಗಿ ಕಂಡದ್ದು ರೆಕಾರ್ಡು ಅನುಮತಿಯಿಲ್ಲದೆ ಹೊರಗೆ ಹೋದದ್ದು. ಮುಂದಿನ ಪರೀಕ್ಷೆಯನ್ನು ಒಂದೇ ವಾರಕ್ಕೆ ಮಾಡಿಸಬೇಕಿತ್ತು. ಆ ಏಳು ದಿನ ಕೋಣೆಯಲ್ಲಿ ಮಲಗಿ ಫ್ಯಾನು ನೋಡುತ್ತಾ ಎಂಟೂವರೆ ಎಂಬ ಒಂದೇ ಅಂಕಿಯನ್ನು ಜಪಿಸಿದೆ. ಹೆದರಿದ್ದೆ, ತುಂಬಾ ಹೆದರಿದ್ದೆ. ಏಳನೇ ದಿನ ಲ್ಯಾಬಿನ ಮೆಟ್ಟಿಲ ಮೇಲೆಯೇ ಲಕೋಟೆ ಒಡೆದೆ. ಎಂಟು ಪಾಯಿಂಟ್ ಏಳು. ಅದರ ಮುಂದಿನದು ಒಂಬತ್ತು ಪಾಯಿಂಟ್ ಮೂರು. ಅಲ್ಲಿಂದ ಮುಂದೆ ಭಾವನವರಿಗೆ ಸಿಕ್ಕಿದ್ದು ನಾನು ಓದಿ ಮುಗಿಸಿದ ಹಾಳೆಗಳ ಜೆರಾಕ್ಸ್ ಮಾತ್ರ. ಅಡುಗೆಮನೆಯ ಕನ್ನಡ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕ ನನ್ನ ಹಿಮೋಗ್ಲೋಬಿನ್ನು ಬರೆದಿಟ್ಟೆ. ಹಾಲು ಕಾಯಿಸುವಾಗ ಲಲಿತಕ್ಕ ಅದನ್ನು ನೋಡುತ್ತಿದ್ದರು.

ಅಕ್ಟೋಬರಿನಲ್ಲಿ ಇಪ್ಪತ್ನಾಲ್ಕು ವಾರ ಮುಗಿದವು. ಇನ್ನೂ ಆರು ತಿಂಗಳು ಕಾದು ಮತ್ತೆ ಎಣಿಸಿದಾಗಲೂ ವೈರಸ್ಸು ಪತ್ತೆಯಿಲ್ಲ ಎಂದೇ ಬಂತು. ವಾಸಿಯಾಯಿತು ಎಂದರು ಡಾಕ್ಟರು. ಭಾವನವರು ಒಪ್ಪಲಿಲ್ಲ. ಮೊದಲು ಯಾವ ಪರೀಕ್ಷೆಯಲ್ಲಿ ಸಿಕ್ಕಿತೋ ಅದೇ ಪರೀಕ್ಷೆಯಲ್ಲಿ ಇಲ್ಲವೆಂದು ಬರಬೇಕು, ಆಗಲೇ ಕೇಸು ಕ್ಲೋಸು ಎಂದು ಹಟ ಹಿಡಿದು ರಕ್ತನಿಧಿಯವರು ಮಾಡಿದ್ದ ಪರೀಕ್ಷೆಯನ್ನೇ ಮತ್ತೆ ಮಾಡಿಸಿದರು. 'ರಿಯಾಕ್ಟಿವ್' ಎಂದು ಬಂತು. ವರಮಹಾಲಕ್ಷ್ಮಿ ಹಬ್ಬದ ಊಟಕ್ಕೆ ಸಂಘದ ಅಧ್ಯಕ್ಷರು ಮನೆಗೆ ಬಂದಿದ್ದಾಗ, ಒಬ್ಬಟ್ಟು ಬಡಿಸುತ್ತಿದ್ದ ನನ್ನ ಕೈಯನ್ನು ಭಾವನವರು ತಡೆದು, ಅವಳು ಬಡಿಸುವುದು ಬೇಡ, ಇನ್ನೂ ಹೋಗಿಲ್ಲ ಎಂದರು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆ ಕೇಳಿದ್ದೆ. ಅಂಥ ಕಣ್ಣನ್ನು ಹತ್ತಿರದಿಂದ ನೋಡಿದ್ದು ಅವತ್ತೇ.

'ಅದು ವೈರಸ್ ಅಲ್ಲ ಭಾವ, ವೈರಸ್ ಬಂದು ಹೋದ ಗುರುತು' ಎಂದೆ. 'ಸಿಡುಬು ಹೋದ್ಮೇಲೂ ಕಲೆ ಉಳಿಯುತ್ತಲ್ಲ, ಹಾಗೆ. ನಾನು ಸಾಯೋ ತನಕ ಅದು ರಿಯಾಕ್ಟಿವ್ ಅಂತಲೇ ಬರುತ್ತೆ. ಒಬ್ಬಟ್ಟು ಹಾಕಲಾ?'

ಮೊದಲು ಎಲೆ ಮುಂದೆ ಮಾಡಿದವರು ಲಲಿತಕ್ಕ. ಮರುದಿನ ನನ್ನ ತಟ್ಟೆ ಎಲ್ಲರ ತಟ್ಟೆಗಳ ಜೊತೆ ಸ್ಟ್ಯಾಂಡಿನಲ್ಲಿತ್ತು. ಭಾವನವರು ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಇದೆಲ್ಲ ನನಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಸಿಕ್ಕಿದ್ದು ಕಳೆದ ತಿಂಗಳು. ಗ್ರೇಟರ್ ನೋಯ್ಡಾದಲ್ಲಿ ನಾವು ಈಗಿರುವ ಮನೆಯ ಊಟದ ಮೇಜಿನ ಮೇಲೆ ಕಡತ ಹರಡಿಕೊಂಡು ಒಂದೊಂದೇ ಹಾಳೆ ತಿರುವಿದೆ. ಎಂಟು ಪಾಯಿಂಟ್ ಆರರ ಹಾಳೆ ಬಂತು. 'ಸೀನ್. ನಾರ್ಮಲ್' ಇತ್ತು. ಅದರ ಕೆಳಗೆ, ನಾನು ಆಸ್ಪತ್ರೆಗೆ ಒಯ್ದ ದಿನ ಇಲ್ಲದ, ಹಸಿರು ಶಾಯಿಯ ಇನ್ನೂ ಮೂರು ವಾಕ್ಯಗಳಿದ್ದವು. ಇಂಗ್ಲಿಷಿನಲ್ಲಿದ್ದವು, ಕನ್ನಡದಲ್ಲಿ ಹೇಳಿದರೆ ಇಷ್ಟು: ರೋಗಿಯೊಂದಿಗೆ ಚರ್ಚಿಸಲಾಯಿತು. ಕೂಡಲೇ ವೈದ್ಯರನ್ನು ಕಾಣುವಂತೆ ತಿಳಿಸಲಾಯಿತು. ರೋಗಿ ಒಪ್ಪಲಿಲ್ಲ. ಕೆಳಗೆ ಸಹಿ. ತಾರೀಖು, ಎಲ್ ಎಂದರೆ ಒಳ್ಳೆಯದು ಎಂದು ಅವರು ಹೇಳಿದ ಆ ಸಂಜೆಯದೇ.

ಆದರೆ ಡಾಕ್ಟರು ನೀಲಿ ಸುತ್ತು ಹಾಕಿದ್ದು ಮರುದಿನ. ಹಸಿರು ಸಾಲುಗಳು ಆ ಸುತ್ತಿನ ಹತ್ತಿರ ಬಂದಾಗ ಬಾಗಿ, ಅದನ್ನು ಮುಟ್ಟದಂತೆ ಬಳಸಿಕೊಂಡು ಹೋಗಿದ್ದವು. ಮರುದಿನ ಬೀಳಲಿದ್ದ ಸುತ್ತಿಗೆ ಹಿಂದಿನ ಸಂಜೆಯೇ ಜಾಗ ಬಿಟ್ಟು ಬರೆಯಲು ಮನುಷ್ಯ ತ್ರಿಕಾಲಜ್ಞಾನಿಯಾಗಿರಬೇಕು. ಕಡತ ವಾಪಸು ಕೊಟ್ಟ ಮೇಲೆ ಬರೆದದ್ದು. ನಾನು ಪಕ್ಕದ ಕೋಣೆಯಲ್ಲಿ ಎಂಟೂವರೆಯ ಜಪ ಮಾಡುತ್ತಾ ಮಲಗಿದ್ದಾಗ, ಗೋಡೆಯ ಆಚೆ ಭಾವನವರು ನಾನು ಸತ್ತರೆ ತೋರಿಸಲು ಒಂದು ಹಾಳೆ ತಯಾರು ಮಾಡಿಕೊಂಡಿದ್ದರು. ಸತ್ತಿದ್ದರೆ ಆ ಕಡತದ ಪ್ರಕಾರ ತಪ್ಪು ನನ್ನದೇ. ಅವರಿಗೆ ನನ್ನ ಮೇಲೆ ದ್ವೇಷವೇನೂ ಇರಲಿಲ್ಲ, ಅದನ್ನು ನೆನೆದರೇ ಹೇಸಿಗೆಯಾಗುತ್ತದೆ.

ಇವರು ಚಹಾ ಹಿಡಿದು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು. 'ಅಣ್ಣನ ಅಕ್ಷರ ನೋಡು, ಮುತ್ತು ಪೋಣಿಸಿದ ಹಾಗೆ' ಎಂದರು. ಅವರ ಕಣ್ಣು ತುಂಬಿತ್ತು.

'ಓದಿ' ಎಂದೆ.

ಕನ್ನಡಕ ಇಲ್ಲ ಎಂದರು. ತಂದುಕೊಟ್ಟೆ. ಜೋರಾಗಿ ಓದಿ ಎಂದೆ. ಹಾಳೆಯನ್ನು ಕೈಗೆತ್ತಿಕೊಂಡು ಮೊದಲನೆಯ ವಾಕ್ಯ ಓದಿದರು, ಎರಡನೆಯದು ಓದಿದರು. ಆಮೇಲೆ ಹಾಳೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಚಹಾ ಆರಿಹೋಗುತ್ತದೆ ಎಂದರು.

'ಮೂರನೆಯದನ್ನೂ ಓದಿ' ಎಂದೆ.